ಎಫ್‌ಸಿಗಾ, ಗಾಡಿಗಾ?

ನಮ್ಮ ಸೀಮೆಯಲ್ಲಿ ತೆಂಗಿನ ಬುಡಕ್ಕೆ ಉಪ್ಪು ಹಾಕುವ ರೂಢಿ ಹಳೆಯದು. ಗೊಬ್ಬರದ ಜೊತೆ ಒಂದೆರಡು ಬೊಗಸೆ ಕಲ್ಲುಪ್ಪು ಬಿದ್ದರೆ ಹೊಂಬಾಳೆ ಚೆನ್ನಾಗಿ ಒಡೆಯುತ್ತದೆ ಅನ್ನುವುದು ಹಿರಿಯರ ಮಾತು. ತೆಂಗಿಗೆ ಕ್ಲೋರಿನ್ ಬೇಕು ಅನ್ನುವುದನ್ನು ವಿಜ್ಞಾನಿಗಳೂ ಒಪ್ಪುತ್ತಾರೆ. ಈ ಸಲ ಮುಂಗಾರು ಹಿಡಿಯುವ ಮುಂಚೆ ನಮ್ಮಣ್ಣನ ಮಗ ಪಿಕಪ್ಪಿನಲ್ಲಿ ಉಪ್ಪು, ಕೆಂಪು ಪೊಟ್ಯಾಶು ಎರಡನ್ನೂ ಒಟ್ಟಿಗೆ ಹೇರಿಕೊಂಡು ಬಂದ. ಮೂಟೆ ಇಳಿಸಿ ಬಾಡಿ ತೊಳೆಯುತ್ತಿದ್ದಾಗ ಪಕ್ಕದ ತಗಡಿನ ಬುಡದಲ್ಲಿ ಪೇಂಟು ಗುಳ್ಳೆ ಎದ್ದಿದ್ದು ಕಣ್ಣಿಗೆ ಬಿತ್ತು. ಹೆಬ್ಬೆರಳಿನಿಂದ ಒತ್ತಿದೆ. ಬೆರಳು ಒಳಗೇ ಹೋಯಿತು.

“ಚಿಕ್ಕಪ್ಪ, ತೂತು ಮಾಡಿಬಿಟ್ರಲ್ಲ!”

“ತೂತಾಗಿ ವರ್ಷ ಆಗಿರಬೇಕು ಕಣೋ. ಇಷ್ಟು ದಿನ ಪೇಂಟು ಮುಚ್ಚಿಕೊಂಡಿತ್ತು.”

ಅವನೇನೂ ತಲೆ ಕೆಡಿಸಿಕೊಳ್ಳಲಿಲ್ಲ. “ಬಿಡಿ, ಮೇಲೊಂದು ಪ್ಲೇಟ್ ಹೊಡೆಸಿದ್ರಾಯ್ತು” ಅಂದ. ಆ ಮಾತು ಕೇಳಿದ್ದೇ ತಡ, ನಲವತ್ತು ವರ್ಷದ ಹಿಂದೆ ತಲೆಗೆ ಬಿದ್ದಿದ್ದ ಒಂದು ಮೊಟಕಿನ ಜಾಗ ಚುರ್ ಅಂದಿತು. ಮೇಲೊಂದು ಪ್ಲೇಟ್ ಹೊಡೆಯೋಣ ಅಂದಿದ್ದಕ್ಕೇ ಆ ಮೊಟಕು ಬಿದ್ದಿತ್ತು.

1980ರ ದಶಕದ ನಡುವೆ ಮೇಲಿಂದ ಮೇಲೆ ಬರ ಬಂದ ಕಾಲ ಅದು. ನಾನು ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಡುಮ್ಕಿ ಹೊಡೆದ ವರ್ಷವೇ ನಮ್ಮ ತೋಟದ ಬಾವಿಯೂ ತಳ ಕಂಡಿತು. ಮರಗಳು ಹರಳು ಉದುರಿಸುತ್ತಿದ್ದವು. ಅಟ್ಟದ ಮೇಲಿದ್ದ ಕಾಯಿ ಕೊಬ್ಬರಿಯಾಗಲು ಇನ್ನೂ ತಿಂಗಳುಗಟ್ಟಲೆ ಬೇಕು, ಸಾಲದವರು ಅಷ್ಟು ಕಾಯುವವರಲ್ಲ. ಅಪ್ಪ ಒಂದು ಬೆಳಗ್ಗೆ ಏನೂ ಹೇಳದೆ ನನ್ನನ್ನು ಬಸ್ಸು ಹತ್ತಿಸಿಕೊಂಡು ತಿಪಟೂರಿಗೆ ಕರೆದುಕೊಂಡು ಹೋಗಿ, ಬಿ.ಎಚ್. ರಸ್ತೆಯ ಪಕ್ಕ ಊರು ಮುಗಿಯುವ ಕಡೆ ಇದ್ದ ಒಂದು ಗ್ಯಾರೇಜಿನಲ್ಲಿ ಬಿಟ್ಟರು. “ಕೆಲ್ಸ ಕಲ್ತ್ಕಳ್ಲಿ ಸಾಬ್ರೇ, ಕೂಲಿ ಆಮ್ಯಾಕೆ ನೋಡಾನ” ಅಂದರು. ಕೂಲಿಯ ಆ ಆಮ್ಯಾಕೆ ಬರಲೇ ಇಲ್ಲ. ಅದನ್ನು ಮುಂದೆ ಹೇಳುತ್ತೇನೆ.

ಗ್ಯಾರೇಜು ಅಂದರೆ ಹುಣಸೆಮರದ ಕೆಳಗೊಂದು ಶೀಟಿನ ಚಪ್ಪರ. ಬೋರ್ಡಿನಲ್ಲಿ ಟಿಂಕರಿಂಗ್, ಗ್ಯಾಸ್ ವೆಲ್ಡಿಂಗ್, ಪೇಂಟಿಂಗ್ ಅಂತಿತ್ತು. ಮೇಸ್ತ್ರಿ ಗಿಡ್ಡ ಆಳು. ಮನೆಯಲ್ಲಿ ಉರ್ದು, ಗ್ಯಾರೇಜಿನಲ್ಲಿ ಅಚ್ಚ ತಿಪಟೂರಿನ ಕನ್ನಡ. ಗಿರಾಕಿಗಳಿಗೆ ಸಾಬ್ರು, ಹುಡುಗರಾದ ನಮಗೆ ಉಸ್ತಾದ್. ಬೆಳಗ್ಗೆ ಬಂದವರೇ ಮೊದಲು ಮಾಡುತ್ತಿದ್ದ ಕೆಲಸ ಪಕ್ಕದ ಹೋಟೆಲಿನ ಪೇಪರು ತರಿಸಿ ಕೊಬ್ಬರಿ ರೇಟು ಓದಿಸುವುದು. ತೆಂಗಿನ ಮರ ಒಂದೂ ಇಲ್ಲದ ಮನುಷ್ಯನಿಗೆ ಕೊಬ್ಬರಿ ರೇಟು ಏತಕ್ಕೆ ಅಂತ ನನಗೆ ಆಗ ಅರ್ಥವಾಗಿರಲಿಲ್ಲ.

ತಿಪಟೂರಿಗೆ ಸಮುದ್ರ ಹತ್ತಿರವಿಲ್ಲ. ಮಳೆಯೂ ಮಲೆನಾಡಿನಷ್ಟು ಬೀಳುವುದಿಲ್ಲ. ಆದರೂ ನಮ್ಮ ಗ್ಯಾರೇಜಿನಲ್ಲಿ ತುಕ್ಕಿನ ಕೆಲಸಕ್ಕೆ ಬರ ಅನ್ನುವುದು ಇರಲಿಲ್ಲ. ಅದಕ್ಕೆ ಕಾರಣ ಗಾಡಿಗಳು ಹೊರುತ್ತಿದ್ದ ಸರಕು. ಉಸ್ತಾದ್ ಗೋಣಿಚೀಲ ಹಾಸಿಕೊಂಡು ಗಾಡಿಯ ಅಡಿಗೆ ನುಸುಳಿ, ಕೈಯಲ್ಲಿ ಒಂಚೂರು ಕೆರೆದು ನೋಡಿ, ಇದು ಯಾವ ತಾಲ್ಲೂಕಿನ ಗಾಡಿ ಅಂತ ಹೇಳಿಬಿಡುತ್ತಿದ್ದರು.

ತಿಪಟೂರು ಕಡೆಯ ಗಾಡಿ ಒಳಗಿಂದ ಕೊಳೆಯುತ್ತಿತ್ತು. ಸುಲಿದ ಕಾಯಿ, ಮಟ್ಟೆ, ನಾರು, ಒಡೆದ ಕಾಯಿಯಿಂದ ಸೋರಿದ ನೀರು, ವಾಪಸ್ ಬರುವಾಗ ಉಪ್ಪು, ಗೊಬ್ಬರ. ನಾರು ತೆಗೆದ ಮೇಲೆ ಉಳಿಯುವ ಹುಡಿ ತನ್ನ ತೂಕದ ಹಲವು ಪಟ್ಟು ನೀರು ಹಿಡಿದಿಟ್ಟುಕೊಳ್ಳುತ್ತದೆ. ಇವತ್ತು ಅದನ್ನೇ ಇಟ್ಟಿಗೆಯಂತೆ ಒತ್ತಿ ಹೊರದೇಶದ ನರ್ಸರಿಗಳಿಗೆ ಕಳಿಸುತ್ತಾರೆ. ನರ್ಸರಿಗೆ ಬೇಕಾದ ಆ ಗುಣವೇ ಗಾಡಿಗೆ ಗಂಡಾಂತರ. ಬಾಗಿಲ ತಳದಲ್ಲಿ, ಮೆಟ್ಟಿಲ ಕೆಳಗಿನ ಪೆಟ್ಟಿಗೆಯಲ್ಲಿ ಮಳೆನೀರು ಇಳಿದುಹೋಗಲಿ ಅಂತ ಗಾಡಿ ಮಾಡಿದವರು ಸಣ್ಣ ತೂತು ಬಿಟ್ಟಿರುತ್ತಾರೆ. ಹುಡಿ ಹೋಗಿ ಅದನ್ನು ಮುಚ್ಚಿತೆಂದರೆ ಒಳಗೆ ಬೇಸಿಗೆಯಲ್ಲೂ ತೇವ ಆರುವುದಿಲ್ಲ. ಆ ತೇವಕ್ಕೆ ಉಪ್ಪೋ ಪೊಟ್ಯಾಶೋ ಸೇರಿದರೆ ಮುಗಿಯಿತು. ಪೊಟ್ಯಾಶೂ ಒಂದು ಬಗೆಯ ಉಪ್ಪೇ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಹಾಗಾಗಿ ಹೊರಗಿನ ಪೇಂಟು ಉಬ್ಬುವ ಹೊತ್ತಿಗೆ ಒಳಗಿನ ತಗಡು ತನ್ನ ಆಯಸ್ಸು ಮುಗಿಸಿರುತ್ತದೆ.

ಚಿಕ್ಕನಾಯಕನಹಳ್ಳಿ ಕಡೆಯಿಂದ ಬರುವ ಲಾರಿಗಳದ್ದು ಇನ್ನೊಂದು ಕಥೆ. ಅವು ಕಬ್ಬಿಣದ, ಮ್ಯಾಂಗನೀಸಿನ ಅದಿರು ಹೊರುತ್ತಿದ್ದವು. ಚಾಸಿಯ ಸಂದುಗೊಂದುಗಳಲ್ಲಿ ಕೆಂಪು ಧೂಳು ನೀರು ಕುಡಿದು ಮುದ್ದೆಯಾಗಿ ಕೂತಿರುತ್ತಿತ್ತು. ಕಬ್ಬಿಣದ ಅದಿರೂ ತುಕ್ಕೂ ಹತ್ತಿರದ ನೆಂಟರು, ಎರಡೂ ಕಬ್ಬಿಣ ಆಮ್ಲಜನಕದ ಜೊತೆ ಸೇರಿ ಆದದ್ದು. ಕೆರೆದಾಗ ಉದುರುವುದು ಅದಿರೋ ಲಾರಿಯೋ ಅಂತ ನಮಗೆ ತಿಳಿಯುತ್ತಿರಲಿಲ್ಲ. ಉಸ್ತಾದ್ ಒಂದು ಸಲ ಉದುರಿದ್ದನ್ನು ಅಂಗೈಯಲ್ಲಿ ಹಿಡಿದು ಡ್ರೈವರಿಗೆ ತೋರಿಸಿ, “ನೋಡಪ್ಪಾ, ನಿನ್ನ ಲಾರಿ ವಾಪಸ್ ಗಣಿಗೆ ಹೊಂಟೈತೆ” ಅಂದಿದ್ದರು.

ತುರುವೇಕೆರೆ ತಾಲ್ಲೂಕಿನ ಅಮ್ಮಸಂದ್ರದಲ್ಲಿ ಮೈಸೂರು ಸಿಮೆಂಟ್ಸ್ ಕಾರ್ಖಾನೆ ಇತ್ತು. ಅಲ್ಲಿಂದ ಬರುವ ಗಾಡಿಗಳನ್ನು ಕಂಡರೆ ಹುಡುಗರಿಗೆ ಗೋಳು. ಧೂಳು ಕಲ್ಲಾಗಿ ಅಂಟಿರುತ್ತಿತ್ತು, ಚಾಣ ಇಟ್ಟು ಹೊಡೆದು ಎಬ್ಬಿಸಬೇಕು. ಆದರೆ ಎಬ್ಬಿಸಿದ ಕೆಳಗೆ ತಗಡು ಹೊಸದು ಇದ್ದಹಾಗೆ ಇರುತ್ತಿತ್ತು. ಸಿಮೆಂಟಿನ ಕ್ಷಾರ ಕಬ್ಬಿಣವನ್ನು ಕಾಯುತ್ತದೆ, ಮನೆಯ ಕಂಬದೊಳಗಿನ ಸರಳು ಉಳಿಯುವುದೂ ಅದರಿಂದಲೇ ಅನ್ನುವುದು ನನಗೆ ಗೊತ್ತಾದದ್ದು ಬಹಳ ಆಮೇಲೆ. ಉಸ್ತಾದ್‌ಗೂ ಕಾರಣ ಗೊತ್ತಿರಲಿಲ್ಲ. “ಅಮ್ಮಸಂದ್ರದ ಗಾಡಿಗೆ ಮೈ ತೊಳಿಯೋ ಕಾಸು ತಗಳ್ಳಿ, ವೆಲ್ಡಿಂಗ್ ಕಾಸು ಸಿಗಲ್ಲ” ಅನ್ನುತ್ತಿದ್ದರು, ಅಷ್ಟೆ.

ತುಕ್ಕು ಎಲ್ಲಿಯವರೆಗೆ ಹೋಗಿದೆ ಅಂತ ನೋಡಲು ಅವರು ಕಣ್ಣನ್ನು ನಂಬುತ್ತಿರಲಿಲ್ಲ. ಸಣ್ಣ ಸುತ್ತಿಗೆಯ ಹಿಡಿಯಿಂದ ತಗಡನ್ನು ತಟ್ಟುತ್ತಾ ಹೋಗುತ್ತಿದ್ದರು. ಗಟ್ಟಿ ತಗಡು ಠಣ್ ಅನ್ನುತ್ತದೆ, ಸತ್ತದ್ದು ಬೊದಬೊದ ಅನ್ನುತ್ತದೆ. ನಡುವೆ ಒಂದು ಜಾಗ ಬರುತ್ತದೆ, ಅಲ್ಲಿ ಸದ್ದು ಎರಡೂ ಅಲ್ಲ. ಅದನ್ನು ಹಿಡಿಯುವುದೇ ಕೆಲಸ. ನನಗೆ ಆ ಕಿವಿ ಬೇಗ ಬಂತು. ಅಟ್ಟದ ಮೇಲಿನ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಗಿಟುಕು ಚಿಪ್ಪು ಬಿಟ್ಟು ಲೊಟಲೊಟ ಅನ್ನುತ್ತಿದೆಯೋ ಇನ್ನೂ ನೀರಿದೆಯೋ ಅಂತ ಅಮ್ಮ ಹೇಳುತ್ತಿದ್ದಳಲ್ಲ, ಅದನ್ನು ನೋಡಿಕೊಂಡು ಬೆಳೆದವನು ನಾನು. ಉಸ್ತಾದ್ ತಟ್ಟಿದ ಕಡೆ ನಾನು ಸೀಮೆಸುಣ್ಣದ ಗೆರೆ ಎಳೆಯುತ್ತಾ ಹೋಗುತ್ತಿದ್ದೆ. ಆ ಗೆರೆ ಯಾವಾಗಲೂ ಗಿರಾಕಿ ನೆನೆಸಿದ್ದಕ್ಕಿಂತ ದೊಡ್ಡದಾಗಿರುತ್ತಿತ್ತು. ಗೆರೆ ನೋಡಿದ ಕೂಡಲೇ ಗಿರಾಕಿಯ ಮುಖವೂ ಇಳಿಯುತ್ತಿತ್ತು.

ಮೊದಲ ದಿನಗಳಲ್ಲಿ ನನ್ನ ಪಾಲಿಗೆ ಬಂದದ್ದು ಕಾರ್ಬೈಡ್ ಡಬ್ಬಿ. ಅಸಿಟಿಲೀನ್ ಗ್ಯಾಸಿನ ಸಿಲಿಂಡರು ಊರಿಗೆ ಬರುವುದು ಬರದಿರುವುದು ದೇವರಿಗೆ ಬಿಟ್ಟದ್ದು, ಆದ್ದರಿಂದ ಗ್ಯಾಸನ್ನು ನಾವೇ ಮಾಡಿಕೊಳ್ಳುತ್ತಿದ್ದೆವು. ಬೂದುಬಣ್ಣದ ಕಾರ್ಬೈಡ್ ಹೆಂಟೆಗಳನ್ನು ಬುಟ್ಟಿಗೆ ಹಾಕಿ ನೀರಿನ ಡ್ರಮ್ಮಿಗೆ ಇಳಿಸಿದರೆ ಕೊತಕೊತ ಕುದಿದು ಗ್ಯಾಸು ಏಳುತ್ತಿತ್ತು, ಕೊಳೆತ ಬೆಳ್ಳುಳ್ಳಿಯ ನಾತ. ತಳದಲ್ಲಿ ಉಳಿಯುವ ಸುಣ್ಣದ ರಾಡಿ ಬಳಿದು ಹೊರಗೆ ಹಾಕುವುದು ನನ್ನ ಕೆಲಸ. ಅಕ್ಕಪಕ್ಕದವರು ಗೋಡೆ ಬಳಿಯಲು ಒಯ್ಯುತ್ತಿದ್ದರು. ನನ್ನ ಬೆರಳ ಸಂದುಗಳು ಸುಣ್ಣಕ್ಕೆ ಸದಾ ಸೀಳಿಕೊಂಡಿರುತ್ತಿದ್ದವು. ರಾತ್ರಿ ಅದಕ್ಕೆ ಕೊಬ್ಬರಿ ಎಣ್ಣೆ. ಊರಿನಲ್ಲಿ ಎಲ್ಲದಕ್ಕೂ ಅದೇ ಔಷಧಿ.

ಹೀಗಿರುವಾಗ ಒಂದು ಮೆಟಡೋರ್ ಬಂತು. ತುರುವೇಕೆರೆಯಿಂದ ನೊಣವಿನಕೆರೆ ಮೇಲೆ ತಿಪಟೂರಿಗೆ ಜನ ತುಂಬಿಕೊಂಡು ಓಡುತ್ತಿದ್ದ ಗಾಡಿ. ಮೆಟಡೋರ್ ನೋಡದ ಇವತ್ತಿನ ಹುಡುಗರಿಗೆ ಹೇಳಬೇಕು: ಬಜಾಜ್ ಟೆಂಪೊದವರು ಮಾಡುತ್ತಿದ್ದ, ಜರ್ಮನಿಯ ಮೂಲದ ವ್ಯಾನು ಅದು. ಇಂಜಿನ್ನು ಮುಂದೆ, ಎಳೆಯುವುದೂ ಮುಂದಿನ ಗಾಲಿಯೇ. ಹಿಂದಕ್ಕೆ ಶಾಫ್ಟು ಹೋಗದಿದ್ದರಿಂದ ನೆಲ ತಗ್ಗಾಗಿ, ಮುದುಕಿಯರೂ ಸರಾಗವಾಗಿ ಹತ್ತುವಂತಿತ್ತು. ನಮ್ಮ ಹಳ್ಳಿಗಳಿಗೆ ಸರ್ಕಾರಿ ಬಸ್ಸು ದಿನಕ್ಕೆರಡು ಸಲ ಬರುತ್ತಿದ್ದ ಕಾಲದಲ್ಲಿ ಹೆರಿಗೆ, ಸಂತೆ, ಮದುವೆ, ಕೋರ್ಟು ಎಲ್ಲಕ್ಕೂ ಮೆಟಡೋರೇ. ಜನರ ಕಾಲಡಿಯಲ್ಲಿ ಕಾಯಿಚೀಲ, ಮೇಲೆ ಬಾಳೆಗೊನೆ.

ಈ ಗಾಡಿಯ ರಬ್ಬರ್ ಮ್ಯಾಟು ಎತ್ತಿದರೆ ರಸ್ತೆ ಕಾಣುತ್ತಿತ್ತು. ಬಾಗಿಲ ಪಕ್ಕದಲ್ಲಿ ಅಂಗೈ ಅಗಲದ ತೂತು, ಅದರ ಸುತ್ತ ಹಪ್ಪಳದಂತೆ ಪದರ ಬಿಟ್ಟ ತಗಡು. ಮಾಲೀಕ ಆ ತೂತಿನ ಮೇಲೆ ಒಂದು ಹಲಗೆಯಿಟ್ಟು, ಅದರ ಮೇಲೆ ಮ್ಯಾಟು ಹಾಸಿ ಓಡಿಸುತ್ತಿದ್ದ. ಅಲ್ಲಿ ಶಾಲೆ ಮಕ್ಕಳು ನಿಲ್ಲುತ್ತಿದ್ದರು. ನಾನು ಜಾಣತನ ತೋರಿಸಲು, “ಉಸ್ತಾದ್, ಇದರ ಮೇಲೊಂದು ಪ್ಲೇಟಿಟ್ಟು ಹೊಡುದ್ರೆ?” ಅಂದೆ. ಮೊಟಕು ಬಿತ್ತು.

“ಪ್ಲೇಟು ಏನನ್ನ ಹಿಡ್ಕಳ್ತದ್ಲಾ? ಗಾಳಿನಾ?”

ಸೀಮೆಸುಣ್ಣದ ಗೆರೆ ಎಳೆದರು. ಅಂಗೈ ಅಗಲದ ತೂತಿಗೆ ಬಾಗಿಲಿಂದ ಸೀಟಿನ ಕಾಲಿನವರೆಗೆ ಹೋಗುವ ಗೆರೆ. ಚಾಣ, ಸುತ್ತಿಗೆ, ಬಟ್ಟೆ ಸುತ್ತಿದ ಆಕ್ಸಾ ಬ್ಲೇಡು ಹಿಡಿದು ಕತ್ತರಿಸಿದೆವು. ಕತ್ತರಿಸಿದ ಅಂಚನ್ನು ಅರದಿಂದ ಉಜ್ಜಿ, ಹೊಳೆಯುವ ಬೆಳ್ಳನೆಯ ಲೋಹ ಸುತ್ತಲೂ ಸಿಗುವವರೆಗೆ ಅವರು ಬ್ಲೋ ಪೈಪನ್ನು ಮುಟ್ಟಲಿಲ್ಲ. ಎರಡು ಕಡೆ ಇನ್ನೂ ಕಪ್ಪಿದೆ ಅಂತ ಮತ್ತೊಂದು ಬೆರಳಗಲ ತೆಗೆಸಿದರು. ಆಮೇಲೆ ಆಯಿಲ್ ಬ್ಯಾರಲ್ಲಿನ ತಗಡನ್ನು ಅಳತೆಗೆ ಕತ್ತರಿಸಿ, ಮೂಲ ನೆಲದಲ್ಲಿದ್ದ ಏಣುಗಳಂತೆಯೇ ಏಣು ಬಡಿದು ಕೂರಿಸಿದರು. ಬ್ಯಾರಲ್ಲು ಕತ್ತರಿಸುವ ಮುಂಚೆ ಅದರ ಕಂಠದವರೆಗೆ ನೀರು ತುಂಬಿಸುತ್ತಿದ್ದರು. ಖಾಲಿ ಬ್ಯಾರಲ್ಲಿನ ಹೊಟ್ಟೆಯಲ್ಲಿ ಉಳಿದ ಆವಿಗೆ ಕಿಡಿ ತಗುಲಿದರೆ ಏನಾಗುತ್ತದೆ ಅಂತ ಅವರು ಎಲ್ಲೋ ನೋಡಿದ್ದರು, ಅದನ್ನು ಮಾತ್ರ ಯಾರು ಕೇಳಿದರೂ ಹೇಳುತ್ತಿರಲಿಲ್ಲ.

ಆ ನೆಲದ ಕೊನೆಯ ಒಂದು ಗೇಣು, ಸೀಟಿನ ಕೆಳಗೆ ಯಾರಿಗೂ ಕಾಣದ ಜಾಗ, ನನ್ನ ಕೈಗೆ ಬಂತು.

ಮೊದಲು ಗ್ಯಾಸಿನ ವಾಲ್ವನ್ನು ಒಂಚೂರು ತಿರುಗಿಸಿ ಕಡ್ಡಿ ಗೀರಬೇಕು. ಹಳದಿ ಬೆಂಕಿ ಹತ್ತಿ, ಅದರ ತುದಿಯಿಂದ ಮಸಿಯ ಎಳೆಗಳು ಹಾರಿ ಹುಬ್ಬಿನ ಮೇಲೆ ಕೂರುತ್ತವೆ. ಆಮೇಲೆ ಆಕ್ಸಿಜನ್. ಬೆಂಕಿ ನೀಲಿಗೆ ತಿರುಗಿ ನಳಿಕೆಯ ಬಾಯಲ್ಲಿ ಬಿಳಿಯ ಮೊನೆ ಏಳುತ್ತದೆ. ಮೊನೆಯ ಸುತ್ತ ಮಸುಕು ಗರಿಯಿದ್ದರೆ ಗ್ಯಾಸು ಹೆಚ್ಚು. ಆ ಗರಿ ಮೊನೆಯೊಳಗೆ ಸೇರಿ ಮಾಯವಾಗುವಲ್ಲಿಗೆ ಕೈ ನಿಲ್ಲಿಸಬೇಕು. ಇನ್ನೂ ತಿರುಗಿಸಿದರೆ ಬೆಂಕಿ ಬುಸುಗುಟ್ಟುತ್ತದೆ, ಬೆಸುಗೆ ಸುಟ್ಟು ಪೆಡಸಾಗುತ್ತದೆ. ಮೊನೆಯ ತುದಿಯಲ್ಲಿ ಮೂರು ಸಾವಿರ ಡಿಗ್ರಿಗೂ ಮೀರಿದ ಶಾಖ, ಕಬ್ಬಿಣ ಕರಗಲು ಅದರ ಅರ್ಧ ಸಾಕು. ಕೆಳಗಿರುವುದು ಒಂದು ಮಿಲಿಮೀಟರಿನ ಆಸುಪಾಸಿನ ತಗಡು. ಲೆಕ್ಕ ಹಾಕಿದರೆ ಈ ಕೆಲಸ ಆಗುವುದೇ ಇಲ್ಲ ಅನ್ನಿಸುತ್ತದೆ.

ಆಗುತ್ತದೆ, ಕಾಯುವುದು ಗೊತ್ತಿದ್ದರೆ. ಎರಡು ಅಂಚೂ ಕೂಡಿದ ಕಡೆ ತಗಡು ಮೊದಲು ಕೆಂಪಗೆ, ಆಮೇಲೆ ಬಿಳಿಚಿಕೊಂಡು, ಇದ್ದಕ್ಕಿದ್ದಂತೆ ಒದ್ದೆಯಾದ ಹಾಗೆ ಹೊಳೆಯುತ್ತದೆ. ಮೆಂತ್ಯದ ಕಾಳಿನಷ್ಟು ಕರಗಿದ ಕಬ್ಬಿಣ ನಿಂತಿದೆ ಅಂತ ಅರ್ಥ. ಅದರೊಳಗೆ ತಂತಿಯ ತುದಿಯನ್ನು ಅದ್ದಿ ತೆಗೆದು, ಬೆಂಕಿಯನ್ನು ಕೂದಲೆಳೆಯಷ್ಟು ಮುಂದಕ್ಕೆ ಜರುಗಿಸಬೇಕು. ಅವಸರ ಮಾಡಿದರೆ ತಂತಿ ಮೇಲೆ ಕೂರುತ್ತದೆ, ಕೂಡುವುದಿಲ್ಲ. ತಡಮಾಡಿದರೆ ಪಟ್ ಅಂತ ತೂತು ಬೀಳುತ್ತದೆ. ಒಳ್ಳೆಯ ತಗಡಿನಲ್ಲಿ ಆ ಕಾಳು ನಿಂತ ಕಡೆ ನಿಂತು, ಕರೆದ ಕಡೆ ಬರುತ್ತದೆ. ಅಂಚಿನಲ್ಲಿ ತುಕ್ಕು ಉಳಿದಿದ್ದರೆ ಅದು ನೊರೆಯಾಡಿ ಸಿಡಿಯುತ್ತದೆ. ತಗಡಿನ ಅಂಚು ಬೆಂಕಿಗೆ ಹೆದರಿದಂತೆ ಹಿಂದಕ್ಕೆ ಓಡುತ್ತದೆ, ಸೂಜಿ ತೂತು ಕಾಸಿನಗಲವಾಗುತ್ತದೆ, ತುಂಬಿಸಲು ಹೋದರೆ ಇನ್ನೂ ಅಗಲ. ಗಾಳಿ ಹಿಡಿಯುವುದು ಅಂದರೆ ಏನು ಅಂತ ನನಗೆ ಗೊತ್ತಾದದ್ದು ಅಲ್ಲಿ. ಉಸ್ತಾದ್ ಬೇಕಂತಲೇ ಆ ಕಡೆ ಒಂದಿಷ್ಟು ಕಪ್ಪು ಅಂಚು ಬಿಟ್ಟಿದ್ದರೋ ಏನೋ, ನನಗೆ ಇವತ್ತಿಗೂ ಅನುಮಾನ.

ಒಂದೇ ಸಮನೆ ಗೀಟು ಎಳೆದಂತೆ ಬೆಸೆದರೆ ಶಾಖಕ್ಕೆ ತಗಡು ಹೊಟ್ಟೆ ಬಿಡುತ್ತದೆ. ಅದಕ್ಕೆ ಈ ತುದಿಗೊಂದು ಟ್ಯಾಕು, ಆ ತುದಿಗೊಂದು ಟ್ಯಾಕು, ನಡುವೆ ಒದ್ದೆ ಗೋಣಿ. ಕೆಳಗಿಂದ ಡಾಲಿ ಕೊಟ್ಟು ಮೇಲಿಂದ ಬಡಿಯುವುದು. ಕೊನೆಗೆ ಎರಡೂ ಬದಿಗೆ ರೆಡ್ ಆಕ್ಸೈಡು. ಅಡಿಬದಿಗೆ ಬಳಿಯುವುದನ್ನು ಮರೆತರೆ ಆ ದಿನ ಚಹಾ ಇಲ್ಲ.

ಇಷ್ಟು ಓದಿದವರಿಗೆ ನಮ್ಮ ಉಸ್ತಾದ್ ಋಷಿಯಂತೆ ಕಾಣಬಹುದು. ನನಗೂ ಬಹಳ ಕಾಲ ಹಾಗೇ ಕಂಡಿದ್ದರು. ಆದರೆ ಗ್ಯಾರೇಜಿನಲ್ಲಿ ಎರಡು ರೇಟು ಇತ್ತು. ಬಾಡಿಗೆ ಗಾಡಿಗೆ ಆಗಾಗ ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟು, ಮಾಡಿಸಲೇಬೇಕು. ಆ ಹೊತ್ತಿಗೆ ಗಾಡಿ ಸುಮಾರಾಗಿ ಕಾಣಬೇಕು. ಗಿರಾಕಿ ಬಂದು ತುಕ್ಕು ತೋರಿಸಿದರೆ ಉಸ್ತಾದ್ ಮೊದಲು ಕೇಳುತ್ತಿದ್ದದ್ದು ಒಂದೇ ಮಾತು: “ಎಫ್‌ಸಿಗಾ, ಗಾಡಿಗಾ?”

ಗಾಡಿಗೆ ಅಂದರೆ ಮೇಲೆ ಹೇಳಿದ ಕೆಲಸ. ಎಫ್‌ಸಿಗೆ ಅಂದರೆ ತೂತಿನೊಳಗೆ ತೆಂಗಿನ ನಾರು ತುರುಕಿ, ಮೇಲೆ ಪುಟ್ಟಿ ಮೆತ್ತಿ, ಎಮರಿ ಉಜ್ಜಿ, ಪೇಂಟು ಹೊಡೆಯುವುದು. ಸಂಜೆಯೊಳಗೆ ಗಾಡಿ ಕೈಗೆ. ತಪಾಸಣೆಗೆ ಬರುವವರು ಸುತ್ತಿಗೆ ಹಿಡಿದು ತಟ್ಟುತ್ತಿರಲಿಲ್ಲ. ನಾರು ನೀರು ಹೀರಿಕೊಂಡು ಮುಂದಿನ ಮಳೆಗಾಲಕ್ಕೆ ತೂತನ್ನು ಎರಡರಷ್ಟು ಮಾಡಿರುತ್ತಿತ್ತು. ಗಿರಾಕಿ ಮತ್ತೆ ಬರುತ್ತಿದ್ದ. ಆ ಗಾಡಿಗಳಲ್ಲಿ ಜನ ಓಡಾಡುತ್ತಿದ್ದರು, ಯಾವ ನೆಲ ಬ್ಯಾರಲ್ಲಿನದು, ಯಾವ ನೆಲ ನಾರಿನದು ಅಂತ ಅವರಿಗೆ ಹೇಗೆ ಗೊತ್ತಾಗಬೇಕು?

ಕೊಬ್ಬರಿ ರೇಟಿನ ಗುಟ್ಟೂ ಇದೇ. ತಿಪಟೂರಿನ ಹರಾಜಿನಲ್ಲಿ ರೇಟು ಏರಿದ ವಾರ ಜನ ಗಾಡಿಗೆ ಅನ್ನುತ್ತಿದ್ದರು, ಇಳಿದ ವಾರ ಎಫ್‌ಸಿಗೆ ಅನ್ನುತ್ತಿದ್ದರು. ಎಷ್ಟು ತಗಡು ಕತ್ತರಿಸಬೇಕು ಅನ್ನುವುದನ್ನು ಉಸ್ತಾದ್‌ರ ಕಿವಿ ಹೇಳುತ್ತಿತ್ತು, ಎಷ್ಟು ಕತ್ತರಿಸುವುದು ಅನ್ನುವುದನ್ನು ಮಂಡಿ ತೀರ್ಮಾನ ಮಾಡುತ್ತಿತ್ತು. ಪುಟ್ಟಿ ಕೆಲಸವನ್ನು ಅವರು ಇಷ್ಟಪಟ್ಟು ಮಾಡುತ್ತಿರಲಿಲ್ಲ ಅನ್ನುವುದು ನಿಜ. ಮಾಡುತ್ತಿದ್ದರು ಅನ್ನುವುದೂ ನಿಜ.

ಗ್ಯಾರೇಜಿನಲ್ಲಿ ಒಂದೇ ಕನ್ನಡಕ, ಅದು ಉಸ್ತಾದ್ ಹಣೆಯ ಮೇಲೆ. ಹುಡುಗರು ಓರೆಗಣ್ಣಲ್ಲಿ ನೋಡಿಕೊಂಡು ಬೆಸೆಯಬೇಕು. ಗ್ಯಾಸಿಗೆ ಹೇಗೋ ನಡೆಯುತ್ತಿತ್ತು. ಚಾಸಿ ಕೆಲಸಕ್ಕೆ ಅಂತ ಆಮೇಲೆ ಒಂದು ಆರ್ಕ್ ವೆಲ್ಡಿಂಗ್ ಸೆಟ್ಟು ತಂದರು, ಕರೆಂಟು ಇದ್ದಾಗ ಮಾತ್ರ ಅದರ ಆಟ. ಹಗಲು ಅದರ ಬೆಳಕು ನೋಡಿದವನಿಗೆ ಹಗಲೆಲ್ಲ ಏನೂ ಆಗುವುದಿಲ್ಲ. ನಡುರಾತ್ರಿ ಕಣ್ಣಿಗೆ ಮರಳು ತುಂಬಿದಂತಾಗಿ ಎದ್ದು ಕೂರುತ್ತೇವೆ. ಅಮ್ಮ ರೆಪ್ಪೆಗೆ ಹರಳೆಣ್ಣೆ ಸವರಿ ಒದ್ದೆಬಟ್ಟೆ ಹಾಕುತ್ತಿದ್ದಳು. ಒಂದೆರಡು ದಿನಕ್ಕೆ ವಾಸಿಯಾಗುತ್ತಿತ್ತು. ಹರಳೆಣ್ಣೆಗೆ ಆ ಕೀರ್ತಿ ಸುಮ್ಮನೆ ಸಂದಿತು. ಅತಿನೇರಳೆ ಕಿರಣಕ್ಕೆ ಕಣ್ಣಿನ ಮೇಲ್ಪೊರೆ ಬೆಂದದ್ದು ತಾನಾಗಿ ಮಾಯುವ ಕಾಲವೇ ಅಷ್ಟು. ಸತು ಹೊದಿಸಿದ ತಗಡು ಬೆಸೆದ ರಾತ್ರಿ ಬರುವ ಚಳಿಜ್ವರಕ್ಕೆ ಬೆಲ್ಲದ ಹಾಲು ಕುಡಿಸುತ್ತಿದ್ದುದೂ ಹೀಗೆಯೇ. ಎರಡನೇ ಕನ್ನಡಕದ ಬೆಲೆ ಒಂದು ಎಫ್‌ಸಿ ಕೆಲಸದ ಕಾಲುಭಾಗವೂ ಇರಲಿಲ್ಲ. ಇದನ್ನು ಮಾತ್ರ ನನಗೆ ಮರೆಯಲು ಆಗಿಲ್ಲ.

ಮುಂದೆ ಗಣಿತ ಪಾಸು ಮಾಡಿಕೊಂಡು ತುಮಕೂರಿನಲ್ಲಿ ಐಟಿಐ ಸೇರಿದೆ, ವೆಲ್ಡರ್ ಟ್ರೇಡು. ಉಸ್ತಾದ್ ನನಗೆ ಮುಟ್ಟಲೂ ಬಿಡದೆ ತಿಂಗಳುಗಟ್ಟಲೆ ಕಾಯಿಸಿದ್ದ ಆ ವಾಲ್ವು, ಬೆಂಕಿಯ ಗರಿ, ಬಿಳಿ ಮೊನೆ, ಇಷ್ಟನ್ನೂ ಅಲ್ಲಿನ ಮೇಷ್ಟ್ರು ಮೊದಲ ವಾರವೇ ಕಲಿಸಿಬಿಟ್ಟರು. ಕಲಿಸುವುದಕ್ಕೆ ಇಷ್ಟೇ ಹೊತ್ತು ಸಾಕಾದರೆ, ರಾಡಿ ಬಳಿಯುತ್ತಾ ಕಳೆದ ಆ ಕಾಲವೆಲ್ಲ ಏನು ಅಂತ ಲೆಕ್ಕ ಹಾಕುತ್ತಾ ಕೂತೆ. ವಿದ್ಯೆ ಕಲಿಯುವುದು ತಪಸ್ಸು ಅಂತ ಯಾರೋ ಹೇಳಿದ್ದನ್ನು ನಂಬಿದ್ದೆ. ಕಲಿಸುವುದನ್ನು ತಡಮಾಡಿದಷ್ಟೂ ಪುಕ್ಕಟೆ ಆಳು ಉಳಿಯುತ್ತದೆ ಅನ್ನುವುದು ಸರಳವಾದ ಲೆಕ್ಕ. ವಾರಕ್ಕೊಂದು ಸಿನಿಮಾದ ದುಡ್ಡು ಬಿಟ್ಟರೆ ಬೇರೆ ಕೂಲಿ ನಮಗೆ ಇರಲಿಲ್ಲ. ಅಸಿಟಿಲೀನ್ ಹೋಗುವ ಕಡೆ ತಾಮ್ರದ ಕೊಳವೆ ಹಾಕಬಾರದು, ಅವೆರಡೂ ಸೇರಿ ಸಿಡಿಯುವ ವಸ್ತುವಾಗುತ್ತದೆ ಅಂತಲೂ ಐಟಿಐಯಲ್ಲೇ ತಿಳಿಯಿತು. ನಮ್ಮ ಗ್ಯಾರೇಜಿನ ಪೈಪು ಸೀಳಿದಾಗಲೆಲ್ಲ ಫ್ರಿಜ್ಜಿನ ತಾಮ್ರದ ತುಂಡೇ ಜೋಡಣೆಗೆ ಬರುತ್ತಿತ್ತು. ಆ ರಾತ್ರಿ ನಿದ್ದೆ ಬರಲಿಲ್ಲ.

ಆದರೆ ಐಟಿಐಯಲ್ಲಿ ಕೊಡುತ್ತಿದ್ದದ್ದು ಹೊಸ ತಗಡು. ನೇರ ಅಂಚು, ಎಣ್ಣೆ ಸವರಿದ ಮೈ. ಅದನ್ನು ಬೆಸೆದು, ಬಗ್ಗಿಸಿ, ಮುರಿದು ನೋಡಿ ಮಾರ್ಕು ಹಾಕುತ್ತಿದ್ದರು. ಗ್ಯಾರೇಜಿಗೆ ಹೊಸ ತಗಡು ಬರುವುದೇ ಇಲ್ಲ. ಆಮೇಲೆ ಪೀಣ್ಯದ ಫ್ಯಾಬ್ರಿಕೇಶನ್ ಶೆಡ್ಡುಗಳಲ್ಲಿ ದುಡಿಯುವಾಗ, ಟ್ಯಾಂಕು ಸೋರುತ್ತಿದೆ, ಕೊಳವೆ ಕೊಳೆತಿದೆ ಅಂದಾಗಲೆಲ್ಲ ಸರ್ಟಿಫಿಕೇಟಿನಲ್ಲಿ ನನಗಿಂತ ಮುಂದಿದ್ದವರು ನೇರ ಬೆಸೆಯಲು ಕೂರುತ್ತಿದ್ದರು. ನಾನು ಮೊದಲು ತಟ್ಟಿ ನೋಡುತ್ತಿದ್ದೆ. ಸೂಪರ್‌ವೈಸರಿಗೆ ಗೆರೆ ತೋರಿಸುತ್ತಿದ್ದೆ. ಅವನ ಮುಖವೂ ಗಿರಾಕಿಗಳ ಮುಖದಂತೆಯೇ ಇಳಿಯುತ್ತಿತ್ತು.

ಈಗ ಆ ಸೀಮೆಯೇ ಬೇರೆ. 1990ರ ದಶಕದ ಕೊನೆಗೆ ಬಂದ ನುಸಿ ಪೀಡೆ ಕಾಯಿಯ ಗಾತ್ರ ಕುಗ್ಗಿಸಿತು. 2011ರಲ್ಲಿ ಸುಪ್ರೀಂ ಕೋರ್ಟು ತುಮಕೂರು ಜಿಲ್ಲೆಯ ಗಣಿಗಳನ್ನೂ ನಿಲ್ಲಿಸಿದಾಗ ಚಿಕ್ಕನಾಯಕನಹಳ್ಳಿ ಕಡೆಯ ಕೆಂಪು ಲಾರಿಗಳ ಸಾಲು ಒಮ್ಮೆಗೇ ನಿಂತಿತು. ಅಮ್ಮಸಂದ್ರದ ಕಾರ್ಖಾನೆ 2006ರಲ್ಲಿ ಜರ್ಮನಿಯ ಕಂಪನಿಯ ಕೈಗೆ ಹೋಯಿತು. ಮೆಟಡೋರ್‌ಗಳು ರಸ್ತೆಯಿಂದ ಮಾಯವಾದವು. ಗಾಡಿಗೆ ಕೆಎ 44 ಅನ್ನುವ ತಿಪಟೂರಿನದೇ ನಂಬರು ಬಂತು. ಈಗಿನ ಗಾಡಿಗಳ ಬಾಡಿಯನ್ನು ಕಾರ್ಖಾನೆಯಲ್ಲೇ ಪೇಂಟಿನ ತೊಟ್ಟಿಯಲ್ಲಿ ಅದ್ದಿ, ಕರೆಂಟು ಹಾಯಿಸಿ, ಸಂದುಗೊಂದಿಗೂ ಪೊರೆ ಕೂರಿಸಿ ಕಳಿಸುತ್ತಾರೆ. ತುಕ್ಕು ನಿಧಾನ. ಬಂದ ಮೇಲೆ ಮಾತ್ರ ಯಾರೂ ತೇಪೆ ಹಾಕುವ ಗೋಜಿಗೆ ಹೋಗುವುದಿಲ್ಲ, ಇಡೀ ಭಾಗ ಬದಲಾಯಿಸುತ್ತಾರೆ. ತೇಪೆ ಹಾಕುವವರೂ ಸಿಒಟು ಮಿಷಿನ್ನಿನಲ್ಲಿ ಚಕಚಕ ಮುಗಿಸುತ್ತಾರೆ. ಕೆಲಸ ಅಚ್ಚುಕಟ್ಟು, ನಾನು ಗ್ಯಾಸಿನಲ್ಲಿ ಮಾಡಿದ್ದಕ್ಕಿಂತ ಅಚ್ಚುಕಟ್ಟು. ಶಾಖಕ್ಕೆ ಹಿಂಬದಿಯ ಸತುವಿನ ಪೊರೆ ಸುಟ್ಟುಹೋಗಿರುತ್ತದೆ, ಅಲ್ಲಿಗೆ ಬ್ರಷ್ಷು ಹಾಕುವವರು ಕಡಿಮೆ. ಅಡಿಬದಿ ಮರೆತರೆ ಚಹಾ ಇಲ್ಲ ಅನ್ನುವವರು ಯಾರೂ ಇಲ್ಲವಲ್ಲ.

ನಮ್ಮಣ್ಣನ ಮಗನ ಪಿಕಪ್ಪನ್ನು ಕಳಿಸಿದ್ದು ತುಮಕೂರಿಗೆ, ನನ್ನ ಜೊತೆ ಉಸ್ತಾದ್ ಕೈಕೆಳಗಿದ್ದ ಗೆಳೆಯನ ವರ್ಕ್‌ಶಾಪಿಗೆ. ನನಗಿಂತ ಚೆನ್ನಾಗಿ ಕೆಲಸ ಕಲಿತವನು. ಅಲ್ಲಿ ಪೇಂಟಿಗೆ ಬೇರೆ ಕೋಣೆ, ಪ್ರತಿಯೊಬ್ಬ ಹುಡುಗನಿಗೂ ತಾನಾಗಿ ಕಪ್ಪಾಗುವ ಗಾಜಿನ ಮುಖವಾಡ. ಹುಡುಗರು ಬಿಹಾರದವರು, ಉತ್ತರ ಪ್ರದೇಶದವರು. ಅದರಲ್ಲೊಬ್ಬ, ಮೀಸೆ ಇನ್ನೂ ಬಲಿಯದವನು, ಗೋಡೆಗೆ ಒರಗಿ ನಿಂತು ಬೆಸೆಯುವವರ ಕೈಯನ್ನೇ ನೋಡುತ್ತಿದ್ದ.

“ಅವನಿಗೆ ಯಾವಾಗ ಕೊಡ್ತೀಯ ಮಿಷಿನ್ನು?” ಅಂದೆ.

“ಇನ್ನೊಂದಾರು ತಿಂಗಳು ಹೋಗ್ಲಿ.”

“ಯಾಕೆ, ಒಂದು ವಾರದ ಕೆಲಸ ಅಲ್ವೇನೋ ಅದು?”

“ಒಂದು ವಾರಕ್ಕೆ ಕಲಿಸ್ದೆ ಅಂತ ಇಟ್ಕ. ಎರಡ್ನೇ ವಾರಕ್ಕೆ ಎದುರುಗಡೆ ಶಾಪಿನವ್ನು ಎರಡ್ಸಾವ್ರ ಜಾಸ್ತಿ ಕೊಟ್ಟು ಕರ್ಕಂಡ್ ಹೋಯ್ತಾನೆ. ಹೋದ್ಸಲ ಇಬ್ರು ಹೋದ್ರು.”

“ಹಂಗಾದ್ರೆ ಉಸ್ತಾದ್ ಮಾಡಿದ್ದೇ ಸರಿ ಅಂತೀಯ?”

ಅವನು ಪಿಕಪ್ಪಿನ ತಗಡನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋದ. ಒಂದು ಕಡೆ ನಿಂತು ಮತ್ತೆ ತಟ್ಟಿದ.

“ಸರಿ ಅಂತ ಯಾರಂದ್ರು? ಕನ್ನಡಕ ಕೊಟ್ಟಿದೀನಿ, ಸಂಬ್ಳ ಕೊಟ್ಟಿದೀನಿ. ಉಸ್ತಾದ್ ಎರಡೂ ಕೊಡ್ಲಿಲ್ಲ. ಆರು ತಿಂಗಳು ಮಾತ್ರ ನಂದು” ಅಂದವನು ನಮ್ಮಣ್ಣನ ಮಗನ ಕಡೆ ತಿರುಗಿ, “ಈ ಗಾಡಿ ಇಟ್ಕಳ್ತೀಯೇನಪ್ಪ, ಮಾರ್ತೀಯ?” ಅಂತ ಕೇಳಿದ. ರೇಟು ಹೇಳಬೇಕಿತ್ತಲ್ಲ.